ಸಾಲಕ್ಕೆ ಉತ್ತರವಿತ್ತು, ಸುಳ್ಳಿಗಿರಲಿಲ್ಲ

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ಫೋನ್ ಮಾಡಿ, ‘ಅಮೆರಿಕದಲ್ಲಿ ನಿಮ್ಮ ಸಾಧನೆ’ ಎಂಬ ವಿಷಯದ ಮೇಲೆ ಇಪ್ಪತ್ತು ನಿಮಿಷ ಮಾತಾಡಿ ಎಂದರು. ಬೆಳಗಿನಿಂದ ಈ ವೇದಿಕೆಯಲ್ಲಿ ಸಾಧನೆಯ ಮಾತು ಸಾಕಷ್ಟು ಆಗಿದೆ. ಡಾಕ್ಟರಾದವರು, ತಹಶೀಲ್ದಾರರಾದವರು, ಒಳ್ಳೆಯ ರೈತರೆಂದು ಹೆಸರು ಪಡೆದವರು ಎಲ್ಲರೂ ಮಾತಾಡಿದ್ದಾರೆ. ನಾನು ಅಲ್ಲಿ ಒಂದು ಸಲ ಫೇಲಾದ ಕಥೆ ಹೇಳುತ್ತೇನೆ. ಅದು ಮಕ್ಕಳಿಗೆ ಹೆಚ್ಚು ಉಪಯೋಗಕ್ಕೆ ಬರಬಹುದು ಎಂದು ನನಗೆ ಅನ್ನಿಸಿದೆ.

ನಾನು ಈ ಶಾಲೆಯಿಂದ 1989ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವನು. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ಕೆಲವು ವರ್ಷ ಕೆಲಸ ಮಾಡಿ, 1999ರಲ್ಲಿ ಅಮೆರಿಕಕ್ಕೆ ಹೋದೆ. 2011ರಲ್ಲಿ ಅಲ್ಲಿನ ಪೌರನಾದೆ. ಅದಾದ ಕೆಲವು ವರ್ಷಕ್ಕೆ ನಾನು ಕೆಲಸ ಮಾಡುತ್ತಿದ್ದ ಕಂಪನಿಗೆ ರಕ್ಷಣಾ ಇಲಾಖೆಯ ಒಂದು ಗುತ್ತಿಗೆ ಸಿಕ್ಕಿತು. ಆ ಕೆಲಸಕ್ಕೆ ನನ್ನನ್ನು ಹಾಕಬೇಕೆಂದರು. ಅದಕ್ಕೆ ‘ಸೆಕ್ಯುರಿಟಿ ಕ್ಲಿಯರೆನ್ಸ್’ ಬೇಕು. ನಮ್ಮ ಮಾತಿನಲ್ಲಿ ಭದ್ರತಾ ಅನುಮತಿ ಅನ್ನೋಣ.

ಹಾಗೆಂದರೆ ಏನು ಎಂದು ಮೊದಲು ಹೇಳಿಬಿಡುತ್ತೇನೆ. ಅಮೆರಿಕದ ಸೈನ್ಯಕ್ಕೆ ಬೇಕಾದ ವಿಮಾನ, ಹಡಗು, ರೇಡಾರ್, ಸಾಫ್ಟ್‌ವೇರ್ ಎಲ್ಲವನ್ನೂ ಅಲ್ಲಿನ ಸರ್ಕಾರವೇ ಮಾಡಿಕೊಳ್ಳುವುದಿಲ್ಲ. ಖಾಸಗಿ ಕಂಪನಿಗಳು ಗುತ್ತಿಗೆ ಹಿಡಿದು ಮಾಡಿಕೊಡುತ್ತವೆ. ಹಾಗೆ ಮಾಡುವಾಗ ಸರ್ಕಾರದ ಗುಟ್ಟಿನ ಕಾಗದಪತ್ರಗಳು ಸಾಮಾನ್ಯ ಎಂಜಿನಿಯರುಗಳ ಕೈಗೂ ಬರುತ್ತವೆ. ಆ ಗುಟ್ಟುಗಳಿಗೆ ಮೂರು ಮಟ್ಟ ಇಟ್ಟಿದ್ದಾರೆ: ಕಾನ್ಫಿಡೆನ್ಷಿಯಲ್, ಸೀಕ್ರೆಟ್, ಟಾಪ್ ಸೀಕ್ರೆಟ್. ಯಾವ ಮಟ್ಟದ ಕಾಗದ ಮುಟ್ಟಬೇಕೋ ಆ ಮಟ್ಟದ ಅನುಮತಿ ಇರಬೇಕು. ಸಾಮಾನ್ಯವಾಗಿ ಅದು ಅಲ್ಲಿನ ಪೌರರಿಗೆ ಮಾತ್ರ. ನಾವಾಗಿಯೇ ಹೋಗಿ ಅರ್ಜಿ ಹಾಕುವಂತಿಲ್ಲ. ಕೆಲಸ ಕೊಟ್ಟ ಕಂಪನಿ ಅಥವಾ ಇಲಾಖೆ ‘ಇವರಿಗೆ ಬೇಕು’ ಎಂದು ಕೇಳಬೇಕು.

ಅನುಮತಿ ಪಡೆಯುವುದು ಯಾರ ಹಕ್ಕೂ ಅಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟು 1988ರಲ್ಲಿ ಹೇಳಿದೆ. ಕ್ರಿಮಿನಲ್ ಕೇಸಿನಲ್ಲಿ ಅನುಮಾನದ ಲಾಭ ಆರೋಪಿಗೆ ಸಿಗುತ್ತದೆ, ನಿಮಗೆ ಗೊತ್ತು. ಇಲ್ಲಿ ಅದು ತಿರುವುಮುರುವು. ಅನುಮಾನ ಉಳಿದರೆ ಅದರ ಲಾಭ ದೇಶಕ್ಕೆ, ಅರ್ಜಿದಾರನಿಗಲ್ಲ.

ತೂಗಿ ನೋಡುವುದಕ್ಕೆ 13 ಮಾರ್ಗಸೂಚಿಗಳಿವೆ. ದೇಶನಿಷ್ಠೆ, ವಿದೇಶದ ನಂಟು, ಕುಡಿತ, ಮಾದಕ ವಸ್ತು, ಅಪರಾಧ, ಕಂಪ್ಯೂಟರಿನ ದುರುಪಯೋಗ, ಹೀಗೆ. ಈಗ ಜಾರಿಯಲ್ಲಿರುವ ರೂಪ 2017ರ ಜೂನ್‌ನಿಂದ ಬಂದದ್ದು. ಅವುಗಳಲ್ಲಿ ಎರಡರ ಮೇಲೆ ನನ್ನ ಕಥೆ ನಿಂತಿದೆ. ಒಂದು, ಹಣಕಾಸು. ಇನ್ನೊಂದು, ವೈಯಕ್ತಿಕ ನಡತೆ. ನಡತೆ ಎಂದರೆ ಮುಖ್ಯವಾಗಿ, ಕೇಳಿದ ಪ್ರಶ್ನೆಗೆ ನಿಜ ಹೇಳಿದಿರಾ ಇಲ್ಲವಾ ಎಂಬುದು.

‘ಸಾಲಕ್ಕೂ ದೇಶದ ಗುಟ್ಟಿಗೂ ಏನು ಸಂಬಂಧ?’ ಎಂದು ನೀವು ಕೇಳಬಹುದು. ನಾನೂ ಮೊದಲು ಹಾಗೇ ಕೇಳಿದೆ. ಆಲ್ಡ್ರಿಚ್ ಏಮ್ಸ್ ಎಂಬೊಬ್ಬನಿದ್ದ. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯಲ್ಲಿ ಅಧಿಕಾರಿ. ವಿಚ್ಛೇದನದ ಖರ್ಚು, ದುಂದುವೆಚ್ಚ ಸೇರಿ ಸಾಲ ಬೆಳೆದಿತ್ತು. 1985ರಲ್ಲಿ ಅವನು ಸೋವಿಯತ್ ಒಕ್ಕೂಟದವರಿಗೆ ಗುಟ್ಟು ಮಾರಿದ. ಮೊದಲ ಸಲ ಅವನ ಕೈಗೆ ಬಂದದ್ದು 50,000 ಡಾಲರ್. ಸಾಲ ತೀರಿಸಿಕೊಂಡು ನಿಲ್ಲಿಸಿಬಿಡುತ್ತೇನೆ ಅಂದುಕೊಂಡಿದ್ದನಂತೆ. ನಿಲ್ಲಿಸಲು ಆಗಲಿಲ್ಲ. 1994ರ ಫೆಬ್ರವರಿಯಲ್ಲಿ ಸಿಕ್ಕಿಬೀಳುವ ಹೊತ್ತಿಗೆ ಇಪ್ಪತ್ತು ಲಕ್ಷ ಡಾಲರಿಗೂ ಹೆಚ್ಚು ಪಡೆದಿದ್ದ. ಅವನು ಹೆಸರು ಬಿಟ್ಟುಕೊಟ್ಟದ್ದರಿಂದ ಹತ್ತು ಜನಕ್ಕೆ ಕಡಿಮೆಯಿಲ್ಲದಂತೆ ಸೋವಿಯತ್ ನೆಲದಲ್ಲಿ ಮರಣದಂಡನೆಯಾಯಿತು. ನೌಕಾಪಡೆಯ ಜಾನ್ ವಾಕರ್ ಎಂಬವನದೂ ಇದೇ ಜಾಡು. ಅವನು ಇಟ್ಟಿದ್ದ ಬಾರ್ ನಷ್ಟದಲ್ಲಿತ್ತು. ಸಂಕೇತಲಿಪಿಯ ಕೀಲಿಗಳನ್ನು ವರ್ಷಗಟ್ಟಲೆ ಮಾರಿ 1985ರಲ್ಲಿ ಸಿಕ್ಕಿಬಿದ್ದ.

ಸಾಲ ಇದ್ದವರೆಲ್ಲ ದೇಶ ಮಾರುವವರಲ್ಲ. ಲಕ್ಷಕ್ಕೆ ಒಬ್ಬನೂ ಅಲ್ಲ. ಆದರೆ ಸಾಲದ ಹೊರೆಯಲ್ಲಿ ಸಿಕ್ಕವನ ಮುಂದೆ ಯಾರಾದರೂ ದುಡ್ಡಿನ ಕಟ್ಟು ಹಿಡಿದು ನಿಂತರೆ ಅವನಿಗೆ ‘ಬೇಡ’ ಅನ್ನುವುದು ಕಷ್ಟ. ಅದಕ್ಕಿಂತ ಹೆಚ್ಚಾಗಿ, ಬಚ್ಚಿಟ್ಟ ಸಾಲ ಇನ್ನೊಬ್ಬನ ಕೈಗೆ ಸಿಕ್ಕ ಜುಟ್ಟು ಇದ್ದ ಹಾಗೆ. ‘ನಿನ್ನ ಹೆಂಡತಿಗೆ ಹೇಳುತ್ತೇನೆ, ಆಫೀಸಿಗೆ ಹೇಳುತ್ತೇನೆ’ ಎಂದು ಬೆದರಿಸಿ ಕೆಲಸ ಮಾಡಿಸಿಕೊಳ್ಳಬಹುದು. ಎಲ್ಲರಿಗೂ ಗೊತ್ತಿರುವ ಸಾಲದಿಂದ ಹಾಗೆ ಯಾರೂ ಬೆದರಿಸಲು ಆಗುವುದಿಲ್ಲ. ಈ ಒಂದು ಮಾತು ನನಗೆ ಆಗಲೇ ಅರ್ಥವಾಗಿದ್ದರೆ ಇವತ್ತಿನ ಭಾಷಣ ಬೇರೆಯೇ ಇರುತ್ತಿತ್ತು.

ಈಗ ನನ್ನ ಸಾಲದ ವಿಷಯ. 2012ರಲ್ಲಿ ಅವ್ವ ನಮ್ಮ ಮನೆಗೆ ಬಂದಳು. ಮೊಮ್ಮಗಳನ್ನು ನೋಡಬೇಕೆಂದು ಮೊದಲ ಸಲ ವಿಮಾನ ಹತ್ತಿದವಳು. ಬಂದ ಆರನೆಯ ವಾರಕ್ಕೆ ಎದೆನೋವು ಬಂತು. ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿ ತುರ್ತು ಚಿಕಿತ್ಸೆಗೆ ಬಂದವರನ್ನು ದುಡ್ಡಿಲ್ಲವೆಂದು ವಾಪಸು ಕಳಿಸುವಂತಿಲ್ಲ. ಕಾನೂನೇ ಇದೆ. ಆದರೆ ಬಿಲ್ಲು ಆಮೇಲೆ ಮನೆಗೆ ಬರುತ್ತದೆ. ಅವ್ವನಿಗೆ ಮಾಡಿಸಿದ್ದು ಪ್ರವಾಸಿಗಳ ವಿಮೆ. ಮೊದಲಿನಿಂದಲೇ ಇದ್ದ ಕಾಯಿಲೆಗೆ ಇಂಥ ವಿಮೆಗಳು ಸಾಮಾನ್ಯವಾಗಿ ಕೊಡುವುದಿಲ್ಲ. ನಮ್ಮದೂ ಕೊಡಲಿಲ್ಲ. ಬಿಲ್ಲು 38,000 ಡಾಲರ್. ದಾಖಲು ಮಾಡುವಾಗ ‘ಹಣಕ್ಕೆ ನಾನು ಹೊಣೆ’ ಎಂಬ ಕಾಗದಕ್ಕೆ ನಾನೇ ಸಹಿ ಹಾಕಿದ್ದೆ.

ಅವ್ವ ಹುಷಾರಾಗಿ ಮನೆಗೆ ಬಂದ ದಿನ ಕೇಳಿದಳು, ‘ಎಷ್ಟಾಯ್ತು ಮಗ?’

‘ಇನ್ಶೂರೆನ್ಸ್‌ನೋರೇ ಕಟ್ಟವ್ರೆ ಕಣವ್ವ, ನೀನು ಸುಮ್ನಿರು’ ಅಂದೆ.

ಅದು ಮೊದಲನೆಯ ಸುಳ್ಳು. ಅದನ್ನು ಹೇಳಿದ್ದಕ್ಕೆ ನನಗೆ ಇವತ್ತಿಗೂ ಬೇಸರವಿಲ್ಲ. ಆದರೆ ಎಣಿಕೆ ಅಲ್ಲಿಂದ ಶುರುವಾಯಿತು.

ಒಂದು ವರ್ಷ ಕಂತು ಕಟ್ಟಿದೆ. 2013ರಲ್ಲಿ ಆಗಿನ ಕೆಲಸ ಹೋಯಿತು. ಏಳು ತಿಂಗಳು ಮನೆಯಲ್ಲಿ ಕೂತೆ. ಕಂತು ನಿಂತಿತು. ಮನೆಖರ್ಚು ಕ್ರೆಡಿಟ್ ಕಾರ್ಡಿನ ಮೇಲೆ ಹೋಯಿತು, ಅದರಲ್ಲೂ 9,000 ಡಾಲರ್ ಬಾಕಿ ನಿಂತಿತು. ಆಸ್ಪತ್ರೆಯವರು ಕಾದು ಕಾದು ವಸೂಲಿ ಏಜೆನ್ಸಿಗೆ ಕೊಟ್ಟರು. ದಿನಕ್ಕೆ ನಾಲ್ಕು ಫೋನು. ಹೊಸ ಕೆಲಸ ಸಿಕ್ಕಿದ ಮೇಲೂ ನಾನು ಆ ಫೋನು ಎತ್ತಲಿಲ್ಲ. ಕವರುಗಳನ್ನು ಒಡೆಯದೆ ಗ್ಯಾರೇಜಿನ ಒಂದು ಡಬ್ಬಕ್ಕೆ ಹಾಕುತ್ತಿದ್ದೆ. ಕವರು ಒಡೆಯದಿದ್ದರೆ ಸಾಲ ಬೆಳೆಯುವುದಿಲ್ಲ ಎನ್ನುವ ಹಾಗೆ.

ಅನುಮತಿಯ ಫಾರಂ ನನ್ನ ಮುಂದೆ ಬಂದದ್ದು 2016ರಲ್ಲಿ. ಅದರ ಹೆಸರು ಎಸ್‌ಎಫ್-86. ನೂರಕ್ಕೂ ಹೆಚ್ಚು ಪುಟ. ಎಲ್ಲೆಲ್ಲಿ ವಾಸವಿದ್ದಿರಿ, ಯಾರ ಕೈಕೆಳಗೆ ಕೆಲಸ ಮಾಡಿದಿರಿ, ಯಾವ ದೇಶಕ್ಕೆ ಹೋಗಿ ಬಂದಿರಿ, ಹೊರದೇಶದಲ್ಲಿ ನಿಮಗೆ ಯಾರಿದ್ದಾರೆ, ಏನಿದೆ. ನನ್ನ ಹೆದರಿಕೆ ಇದ್ದದ್ದು ಆ ಪುಟಗಳ ಮೇಲೆ. ಅವ್ವ ಇಲ್ಲಿದ್ದಾಳೆ, ತಮ್ಮ ಇಲ್ಲಿದ್ದಾನೆ, ಪಿತ್ರಾರ್ಜಿತ ಎರಡು ಎಕರೆಯಲ್ಲಿ ಪಾಲಿದೆ, ಮೈಸೂರಿನಲ್ಲಿ ಒಂದು ಬ್ಯಾಂಕ್ ಖಾತೆ ಇದೆ. ಇದನ್ನೆಲ್ಲ ನೋಡಿ ಬೇಡ ಅಂದುಬಿಡುತ್ತಾರೆ ಅಂದುಕೊಂಡಿದ್ದೆ. ಆದರೂ ಒಂದನ್ನೂ ಬಿಡದೆ ಬರೆದೆ. ತಮ್ಮನಿಗೆ ಫೋನ್ ಮಾಡಿ ಪಹಣಿ ತೆಗೆಸಿ ಸರ್ವೆ ನಂಬರು ಕೇಳಿಕೊಂಡೆ. ಕೊನೆಗೆ ಆ ಪುಟಗಳಿಂದ ನನಗೆ ಯಾವ ತೊಂದರೆಯೂ ಆಗಲಿಲ್ಲ. ನಮ್ಮ ಊರು, ನಮ್ಮ ಜನ ನನಗೆ ಅಡ್ಡ ಬರಲಿಲ್ಲ ಎಂಬುದನ್ನು ಇಲ್ಲಿ ನಿಂತು ಹೇಳಲೇಬೇಕು.

ಫಾರಂನ 26ನೆಯ ಭಾಗ ಹಣಕಾಸಿನದು. ಕಳೆದ ಏಳು ವರ್ಷದಲ್ಲಿ ಯಾವುದಾದರೂ ಬಾಕಿ ವಸೂಲಿ ಏಜೆನ್ಸಿಗೆ ಹೋಗಿದೆಯೇ? ಯಾವುದಾದರೂ ಸಾಲ 120 ದಿನಕ್ಕಿಂತ ಹೆಚ್ಚು ಬಾಕಿ ನಿಂತಿತ್ತೇ? ಹೌದು, ಇಲ್ಲ ಎಂಬ ಎರಡು ಚೌಕ. ನಾನು ‘ಇಲ್ಲ’ ಒತ್ತಿದೆ. ಎಲ್ಲ ಪ್ರಶ್ನೆಗೂ ‘ಇಲ್ಲ’. ಎರಡು ನಿಮಿಷದ ಕೆಲಸ. ಕೊನೆಯಲ್ಲಿ, ಬರೆದದ್ದೆಲ್ಲ ನಿಜ ಎಂದು ಸಹಿ. ಗೊತ್ತಿದ್ದೂ ಅಲ್ಲಿ ಸುಳ್ಳು ಬರೆದರೆ ಐದು ವರ್ಷದವರೆಗೆ ಜೈಲು ವಿಧಿಸಬಹುದಾದ ಅಪರಾಧ ಎಂಬ ಎಚ್ಚರಿಕೆಯೂ ಅದೇ ಫಾರಂನಲ್ಲಿ ಇತ್ತು.

ಯಾಕೆ ಹಾಗೆ ಮಾಡಿದೆ ಎಂದು ಆಮೇಲೆ ಬಹಳ ಯೋಚಿಸಿದ್ದೇನೆ. ಅದಕ್ಕೆ ಈ ಊರಿಗೇ ಬರಬೇಕು. ನನ್ನ ವಯಸ್ಸಿನವರಿಗೆ ನೆನಪಿರಬಹುದು. ನಾನು ಎಂಟನೆಯ ಕ್ಲಾಸಿನಲ್ಲಿದ್ದಾಗ ಅಪ್ಪ ಒಬ್ಬರಿಗೆ ಪಂಪ್‌ಸೆಟ್ ಸಾಲಕ್ಕೆ ಜಾಮೀನು ನಿಂತಿದ್ದ. ಸಾಲ ತೆಗೆದವರು ಬೆಂಗಳೂರಿಗೆ ಹೋಗಿಬಿಟ್ಟರು. ವಸೂಲಿಯವರು ನಮ್ಮ ಮನೆ ಮುಂದೆ ಬಂದು ತಮಟೆ ಬಾರಿಸಿದರು. ಅಪ್ಪ ಅಟ್ಟ ಹತ್ತಿ ಕೂತ. ನಾನು ಬಾಗಿಲಲ್ಲಿ ನಿಂತು, ‘ಅಪ್ಪ ಊರಲ್ಲಿಲ್ಲ’ ಅಂದೆ. ಅಷ್ಟರಲ್ಲಿ ಅಟ್ಟದಿಂದ ಕೆಮ್ಮು ಕೇಳಿಸಿತು. ನಿಂತಿದ್ದವರೆಲ್ಲ ನಕ್ಕರು. ನೀರು ಕಾಯಿಸುವ ತಾಮ್ರದ ಹಂಡೆ ಹೋಯಿತು.

ಅಪ್ಪ ಆ ಸಾಲವನ್ನು ಮೂರು ವರ್ಷದ ಕಬ್ಬಿನ ದುಡ್ಡಿನಲ್ಲಿ ತೀರಿಸಿದ, ಬಡ್ಡಿ ಸಮೇತ. ಅವನದ್ದಲ್ಲದ ಸಾಲ ಅದು. ಅವನು ತೀರಿಸಿದ್ದು ಯಾರಿಗೂ ನೆನಪಿಲ್ಲ. ಅಟ್ಟ ಹತ್ತಿದ್ದು ಎಲ್ಲರಿಗೂ ನೆನಪಿತ್ತು. ಸಾಯುವವರೆಗೂ ಅವನನ್ನು ಹಿಂದಿನಿಂದ ಏನೆಂದು ಕರೆಯುತ್ತಿದ್ದರು ಎಂದು ಇಲ್ಲಿರುವ ಕೆಲವರಿಗೆ ಗೊತ್ತು. ಅವರನ್ನು ನಾನು ದೂರುತ್ತಿಲ್ಲ. ಸಾಲ ಎಂದರೆ ತಮಟೆ, ತಮಟೆ ಎಂದರೆ ಅಟ್ಟ ಎಂದು ನನ್ನ ಮೈಯೇ ಕಲಿತುಬಿಟ್ಟಿತ್ತು. ‘ಇಲ್ಲ’ ಒತ್ತುವಾಗ ನಾನು ಅಮೆರಿಕದಲ್ಲಿ ಇರಲಿಲ್ಲ, ಆ ಬಾಗಿಲಲ್ಲಿ ನಿಂತಿದ್ದೆ.

ಫಾರಂ ಕಳಿಸಿದ ಎಂಟು ವಾರಕ್ಕೆ ತನಿಖಾಧಿಕಾರಿ ಬಂದರು. ನನ್ನಷ್ಟೇ ವಯಸ್ಸಿನ ಹೆಂಗಸು, ಬಹಳ ಸೌಮ್ಯ ಮಾತು. ‘ಹಣಕಾಸಿನ ವಿಷಯದಲ್ಲಿ ಸೇರಿಸಬೇಕಾದ್ದು ಏನಾದರೂ ಇದೆಯೇ?’ ಎಂದು ಮೊದಲು ಕೇಳಿದರು. ‘ಇಲ್ಲ’ ಅಂದೆ. ಇನ್ನೊಂದು ಸಲ ಬೇರೆ ರೀತಿಯಲ್ಲಿ ಕೇಳಿದರು. ಮತ್ತೆ ‘ಇಲ್ಲ’. ಆಮೇಲೆ ನನ್ನ ಕ್ರೆಡಿಟ್ ವರದಿಯನ್ನು ಮೇಜಿನ ಮೇಲಿಟ್ಟರು. ಎರಡೂ ಸಾಲ ಅದರಲ್ಲಿತ್ತು, ತಾರೀಖಿನ ಸಮೇತ. ನಾನು, ‘ಅದು ನನ್ನ ತಾಯಿಯ ಬಿಲ್ಲು, ನನ್ನದಲ್ಲ ಅಂದುಕೊಂಡೆ’ ಎಂದೆ. ಅದು ಇನ್ನೊಂದು ಸುಳ್ಳು. ಹೊಣೆಪತ್ರದಲ್ಲಿ ನನ್ನ ಸಹಿ ಇತ್ತು.

ಆ ರಾತ್ರಿ ಹೆಂಡತಿಗೆ ಎಲ್ಲ ಹೇಳಿದೆ. ಡಬ್ಬ ತಂದು ಕವರುಗಳನ್ನು ಒಡೆದೆವು. ಮಾರನೆಯ ತಿಂಗಳಿನಿಂದ ಎರಡೂ ಕಡೆ ಮಾತಾಡಿ ಕಂತು ಕಟ್ಟಲು ಶುರುಮಾಡಿದೆವು. ಸಾಲ ನಿರ್ವಹಣೆಯ ಸಲಹೆ ಕೊಡುವ ಒಂದು ಸಂಸ್ಥೆಗೂ ಹೋದೆವು.

ಸುಮಾರು ಒಂದು ವರ್ಷದ ಮೇಲೆ ಸರ್ಕಾರದಿಂದ ಕಾರಣಗಳ ಪಟ್ಟಿ ಬಂತು. ನಮ್ಮ ಕಡೆಯ ಶೋಕಾಸ್ ನೋಟೀಸು ಇದ್ದ ಹಾಗೆ. 20 ದಿನದಲ್ಲಿ ಪ್ರಮಾಣ ಮಾಡಿ ಉತ್ತರ ಕೊಡಬೇಕು. ಬರೀ ಕಾಗದದ ಮೇಲೆ ತೀರ್ಮಾನವಾಗಲಿ ಎನ್ನಬಹುದು, ಇಲ್ಲವೇ ಆಡಳಿತ ನ್ಯಾಯಾಧೀಶರ ಮುಂದೆ ವಿಚಾರಣೆ ಕೇಳಬಹುದು. ನಾನು ವಿಚಾರಣೆ ಕೇಳಿದೆ. ಪಟ್ಟಿಯಲ್ಲಿ ಎರಡು ಶೀರ್ಷಿಕೆ. ಹಣಕಾಸು: ಎರಡು ಸಾಲ. ನಡತೆ: ಫಾರಂನಲ್ಲಿ ಬೇಕೆಂದೇ ಸುಳ್ಳು ಬರೆದದ್ದು.

ಇಂಥ ವಿಚಾರಣೆಗಳ ತೀರ್ಪುಗಳನ್ನು ಅರ್ಜಿದಾರರ ಹೆಸರು ತೆಗೆದು ಪ್ರಕಟಿಸುತ್ತಾರೆ. ಯಾರು ಬೇಕಾದರೂ ಓದಬಹುದು. ವಿಚಾರಣೆಗೆ ಮೊದಲು ರಾತ್ರಿಯೆಲ್ಲ ಕೂತು ಓದಿದೆ. ಬಹುಪಾಲು ಹಣಕಾಸಿನವೇ. ತೆರಿಗೆ ಕಟ್ಟದವರು, ಮನೆ ಕಳೆದುಕೊಂಡವರು, ಮಗುವಿನ ಕಾಯಿಲೆಗೆ ಸಾಲ ಮಾಡಿದವರು. ಓದುತ್ತ ಓದುತ್ತ ನನಗೆ ಒಂದು ವಿಷಯ ಕಂಡಿತು. ಇಷ್ಟು ಡಾಲರ್ ದಾಟಿದರೆ ಅನುಮತಿ ಇಲ್ಲ ಎಂಬ ಗೆರೆ ಎಲ್ಲೂ ಇಲ್ಲ. ನನಗಿಂತ ಹತ್ತು ಪಟ್ಟು ಸಾಲ ಇದ್ದವರಿಗೆ ಸಿಕ್ಕಿದೆ. ಸಾಲ ಯಾಕಾಯಿತು, ಆದ ಮೇಲೆ ಏನು ಮಾಡಿದಿರಿ ಎಂದೇ ಕೇಳುತ್ತಾರೆ. ಕೆಲಸ ಹೋದದ್ದು, ಕಾಯಿಲೆ, ವಿಚ್ಛೇದನ, ಮೋಸ ಹೋದದ್ದು, ಹೀಗೆ ನಮ್ಮ ಕೈಮೀರಿದ ಕಾರಣವಿದ್ದು, ಆಮೇಲೆ ಜವಾಬ್ದಾರಿಯಿಂದ ನಡೆದುಕೊಂಡಿದ್ದರೆ ಅದಕ್ಕೆ ಬೆಲೆ ಇದೆ. ನಿಷ್ಠೆಯಿಂದ ತೀರಿಸುತ್ತಿದ್ದರೆ ಬೆಲೆ ಇದೆ. ‘ಈ ಸಾಲ ನನ್ನದಲ್ಲ’ ಎಂದು ದಾಖಲೆ ತೋರಿಸಿದರೆ ಅದಕ್ಕೂ ಬೆಲೆ ಇದೆ. ಸಾಲಕ್ಕೆ ಇಷ್ಟು ಬಾಗಿಲು ತೆರೆದಿಟ್ಟಿದ್ದಾರೆ.

ಸುಳ್ಳಿಗೂ ಒಂದು ಬಾಗಿಲಿದೆ. ಅವರು ಬಂದು ಎದುರಿಗೆ ಹಿಡಿಯುವ ಮೊದಲೇ, ನಾವಾಗಿಯೇ, ತಡಮಾಡದೆ, ‘ತಪ್ಪು ಬರೆದಿದ್ದೆ, ನಿಜ ಇದು’ ಎಂದು ತಿದ್ದಿದರೆ ಅದನ್ನು ಪರಿಗಣಿಸುತ್ತಾರೆ. ನಮ್ಮ ಕಂಪನಿಯಲ್ಲಿ ಅದಕ್ಕೆಂದೇ ಒಬ್ಬ ಭದ್ರತಾ ಅಧಿಕಾರಿ ಇದ್ದರು. ಅವರ ಕೋಣೆ ನನ್ನ ಮೇಜಿನಿಂದ ಇಪ್ಪತ್ತು ಹೆಜ್ಜೆ. ನನಗೆ ಎಂಟು ವಾರ ಸಮಯ ಇತ್ತು. ದಿನಾ ಅವರ ಕೋಣೆ ಮುಂದೆಯೇ ಕಾಫಿಗೆ ಹೋಗುತ್ತಿದ್ದೆ. ಒಳಗೆ ಹೋಗಲಿಲ್ಲ.

ವಿಚಾರಣೆ 2018ರಲ್ಲಿ ನಡೆಯಿತು. ಸಾಲದ ಬಗ್ಗೆ ಹತ್ತು ನಿಮಿಷ ಕೇಳಿದರು. ಆಸ್ಪತ್ರೆಯ ಕಾಗದ, ಕೆಲಸ ಹೋದ ಪತ್ರ, ಕಂತು ಕಟ್ಟಿದ ರಸೀದಿಗಳು, ಎಲ್ಲ ತೋರಿಸಿದೆ. ಉಳಿದ ಹೊತ್ತೆಲ್ಲ ಆ ಚೌಕದ ಬಗ್ಗೆ. ನ್ಯಾಯಾಧೀಶರು ಕೇಳಿದ ಒಂದು ಪ್ರಶ್ನೆ ಮರೆಯಲಾರೆ. ‘ನೀವು ಎಂಜಿನಿಯರ್. ಫಾರಂ ತುಂಬುವಾಗ, ನಿಮ್ಮ ಬಾಕಿಗೆ 120 ದಿನ ದಾಟಿದೆ ಎಂದು ನಿಮಗೆ ಗೊತ್ತಿತ್ತೇ?’

‘ಗೊತ್ತಿತ್ತು’ ಅಂದೆ. ಆ ಕೋಣೆಯಲ್ಲಿ ನಾನು ಕೊಟ್ಟ ಉತ್ತರಗಳಲ್ಲಿ ಅದೇ ಎಲ್ಲಕ್ಕಿಂತ ಸಣ್ಣದು, ಎಲ್ಲಕ್ಕಿಂತ ಕಷ್ಟದ್ದು.

ಎರಡು ತಿಂಗಳ ಮೇಲೆ ತೀರ್ಪು ಬಂತು. ಕೊನೆಯ ಪುಟದಲ್ಲಿ ಒಂದೊಂದು ಆರೋಪಕ್ಕೂ ಒಂದೊಂದು ಸಾಲು. ಹಣಕಾಸು: ಅರ್ಜಿದಾರನ ಪರ. ನಡತೆ: ಅರ್ಜಿದಾರನ ವಿರುದ್ಧ. ಒಟ್ಟು ತೀರ್ಮಾನ: ಅನುಮತಿ ನಿರಾಕರಿಸಲಾಗಿದೆ.

ನೋಡಿ, 47,000 ಡಾಲರ್ ಸಾಲವನ್ನು ಅವರು ಕ್ಷಮಿಸಿದರು. ಕಾಯಿಲೆ, ನಿರುದ್ಯೋಗ, ಮಗನ ಕರ್ತವ್ಯ ಎಂದು ಬರೆದರು. ಒಂದು ಚೌಕವನ್ನು ಕ್ಷಮಿಸಲಿಲ್ಲ. ನಾನು ಮೊದಲ ದಿನವೇ ‘ಹೌದು’ ಒತ್ತಿ, ಕೆಳಗೆ ನಾಲ್ಕು ಸಾಲು ವಿವರ ಬರೆದು, ಕಂತು ಶುರುಮಾಡಿದ್ದರೆ, ಆ ತೀರ್ಪಿನ ಅರ್ಧ ಭಾಗವೇ ಇರುತ್ತಿರಲಿಲ್ಲ. ಉಳಿದ ಅರ್ಧ ನನ್ನ ಪರವಾಗಿಯೇ ಇತ್ತು.

ಕಂಪನಿಯವರು ಕೆಲವು ತಿಂಗಳು ಬೇರೆ ಕೆಲಸ ಕೊಟ್ಟರು, ಆಮೇಲೆ ಕೊಡಲು ಕೆಲಸ ಇರಲಿಲ್ಲ. ಒಂದು ವರ್ಷ ಕಳೆದ ಮೇಲೆ ಮತ್ತೆ ಪ್ರಯತ್ನಿಸಬಹುದು ಎಂಬ ನಿಯಮ ಇದೆ. ಆದರೆ ಕೇಳುವ ಕಂಪನಿಯೇ ಇಲ್ಲದಿದ್ದರೆ ಅರ್ಜಿಯೂ ಇಲ್ಲ. ಈಗ ನಾನು ಒಂದು ನಗರದ ನೀರು ಸರಬರಾಜಿನ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುತ್ತೇನೆ. ಗೌರವದ ಕೆಲಸ. ಸಾಲ 2020ರಲ್ಲಿ ಪೂರ್ತಿ ತೀರಿತು. ಅವ್ವ ಅದೇ ವರ್ಷ ತೀರಿಕೊಂಡಳು. ಬಿಲ್ಲಿನ ವಿಷಯ ಅವಳಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಇದು ದೂರದ ದೇಶದ ಕಥೆ, ನಮಗೇನು ಎಂದು ಮಕ್ಕಳು ಅಂದುಕೊಳ್ಳಬಾರದು. ನಿಮ್ಮಲ್ಲಿ ಹಲವರು ಪೊಲೀಸ್, ಸಿಆರ್‌ಪಿಎಫ್, ರೈಲ್ವೆ, ಬ್ಯಾಂಕ್ ಪರೀಕ್ಷೆಗೆ ಕಟ್ಟುತ್ತೀರಿ. ಕೇಂದ್ರ ಸರ್ಕಾರದ ಕೆಲಸಕ್ಕೆ ಆಯ್ಕೆಯಾದ ಮೇಲೆ ಒಂದು ದೃಢೀಕರಣ ಫಾರಂ ಕೊಡುತ್ತಾರೆ. ಸುಳ್ಳು ಬರೆದರೆ, ಇದ್ದದ್ದನ್ನು ಮುಚ್ಚಿಟ್ಟರೆ ಅನರ್ಹರಾಗುತ್ತೀರಿ ಎಂಬ ಎಚ್ಚರಿಕೆ ಅದರ ಶುರುವಿನಲ್ಲೇ ಇರುತ್ತದೆ. ಎಂದಾದರೂ ಬಂಧನವಾಗಿತ್ತೇ, ಕೇಸು ಇತ್ತೇ ಎಂದು ಅದರಲ್ಲಿ ಕೇಳುತ್ತಾರೆ. ಜಾತ್ರೆಯಲ್ಲಿ ಹೊಡೆದಾಟ, ಬದುವಿನ ಜಗಳ, ಗಣಪತಿ ಮೆರವಣಿಗೆಯ ಗಲಾಟೆ, ಇಂಥದ್ದರಲ್ಲಿ ಹೆಸರು ಸೇರಿರುತ್ತದೆ. ರಾಜಿಯಾಯಿತು, ಖುಲಾಸೆಯಾಯಿತು ಎಂದು ‘ಇಲ್ಲ’ ಬರೆಯುತ್ತಾರೆ. ಪೊಲೀಸ್ ಠಾಣೆಯಿಂದ ವರದಿ ಹೋದಾಗ ಸಿಕ್ಕಿಬೀಳುತ್ತಾರೆ.

ಈ ಬಗ್ಗೆ ನಮ್ಮ ಸುಪ್ರೀಂ ಕೋರ್ಟು 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ವಿವರವಾಗಿ ಹೇಳಿದೆ. ಕೊಡುವ ಮಾಹಿತಿ ನಿಜವಾಗಿರಬೇಕು, ಮುಚ್ಚಿಡಬಾರದು. ಎಳೆಯ ವಯಸ್ಸಿನ ಸಣ್ಣಪುಟ್ಟ ಪ್ರಕರಣವನ್ನು ಮುಚ್ಚಿಟ್ಟಿದ್ದರೆ ಮಾಲೀಕರು ತಮ್ಮ ವಿವೇಚನೆಯಿಂದ ಮನ್ನಿಸಬಹುದು. ಫಾರಂನಲ್ಲಿ ಸ್ಪಷ್ಟವಾಗಿ ಕೇಳದ್ದನ್ನು ಹೇಳಲಿಲ್ಲವೆಂದು ತಪ್ಪು ಹೊರಿಸುವಂತಿಲ್ಲ. ನಿಜ ಹೇಳಿದವರಿಗೆಲ್ಲ ಕೆಲಸ ಕೊಡಲೇಬೇಕು ಎಂದೂ ಕೋರ್ಟು ಹೇಳಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆದರೆ ನಿಜ ಹೇಳಿದವನ ಕೈಯಲ್ಲಿ ವಾದಕ್ಕೆ ಏನಾದರೂ ಇರುತ್ತದೆ. ಸುಳ್ಳು ಹೇಳಿದವನು ಇನ್ನೊಬ್ಬರ ದಯೆಗೆ ಕಾಯಬೇಕು.

ಸಾಲದ ವಿಷಯವೂ ಇಲ್ಲಿ ಬಂದಿದೆ. ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳಲ್ಲಿ, ಸದಾ ಸಾಲದಲ್ಲಿ ಮುಳುಗಿರದ ಹಾಗೆ ನೌಕರ ತನ್ನ ಬದುಕು ನಡೆಸಿಕೊಳ್ಳಬೇಕು ಎಂದಿದೆ. ಸ್ಟೇಟ್ ಬ್ಯಾಂಕಿನ ನೇಮಕಾತಿಯಲ್ಲಿ ಸಾಲ ಮರುಪಾವತಿಯ ದಾಖಲೆ ಕೆಟ್ಟಿದ್ದ ಅಭ್ಯರ್ಥಿಯೊಬ್ಬರ ನೇಮಕ ರದ್ದಾದಾಗ, ಮದ್ರಾಸ್ ಹೈಕೋರ್ಟು 2025ರಲ್ಲಿ ಬ್ಯಾಂಕಿನ ತೀರ್ಮಾನವನ್ನೇ ಎತ್ತಿಹಿಡಿಯಿತು. ಜನರ ದುಡ್ಡು ನೋಡಿಕೊಳ್ಳುವವರು ತಮ್ಮ ದುಡ್ಡನ್ನು ಹೇಗೆ ನೋಡಿಕೊಂಡಿದ್ದಾರೆ ಎಂದು ಕೇಳುವ ಕಾಲ ಇದು.

ಅದಕ್ಕೆ ಕೆಲವು ಸಣ್ಣ ಮಾತು. ಮೊಬೈಲಿನಲ್ಲಿ ತೆಗೆದ ಐದು ಸಾವಿರದ ಸಾಲವೂ ನಿಮ್ಮ ಹೆಸರಿನ ಮುಂದೆ ದಾಖಲಾಗಬಹುದು. ನಮ್ಮಲ್ಲಿ ನಾಲ್ಕು ಕ್ರೆಡಿಟ್ ಮಾಹಿತಿ ಕಂಪನಿಗಳಿವೆ. ಸಿಬಿಲ್ ಅವುಗಳಲ್ಲಿ ಒಂದು. ವರ್ಷಕ್ಕೊಂದು ವರದಿಯನ್ನು ಪ್ರತಿಯೊಂದೂ ಉಚಿತವಾಗಿ ಕೊಡಬೇಕು. ತರಿಸಿ ನೋಡಿ. ತಪ್ಪಿದ್ದರೆ ಬರೆದು ತಿದ್ದಿಸಿ. ಬ್ಯಾಂಕಿನವರು ‘ಇಷ್ಟು ಕಟ್ಟಿ, ಉಳಿದದ್ದು ಬಿಡುತ್ತೇವೆ’ ಎಂದರೆ, ದಾಖಲೆಯಲ್ಲಿ ಅದು ಪೂರ್ತಿ ತೀರಿದ ಸಾಲ ಎಂದು ಬರುವುದಿಲ್ಲ, ‘ಸೆಟ್ಲ್ಡ್’ ಎಂದು ಬರುತ್ತದೆ ಎಂಬುದು ನೆನಪಿರಲಿ. ಸಾಲ ತೀರಿಸಿದ ದಿನ ನೋ ಡ್ಯೂ ಪತ್ರ ಇಸಿದುಕೊಂಡು ಜೋಪಾನ ಮಾಡಿ. ಹಿರಿಯರಿಗೆ ಒಂದು ಮಾತು: ಜಾಮೀನಿಗೆ ಸಹಿ ಹಾಕುವವರು ಬರೀ ಸಾಕ್ಷಿಯಲ್ಲ. 1872ರ ಕರಾರು ಕಾಯಿದೆಯ ಪ್ರಕಾರ ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ ಹೊಣೆ. ನಮ್ಮಪ್ಪನಿಗೆ ಇದನ್ನು ಯಾರೂ ಹೇಳಿರಲಿಲ್ಲ.

ಕೊನೆಯದಾಗಿ ಈ ಶಾಲೆಯ ಒಂದು ನೆನಪು. ನಾನು ಹತ್ತನೆಯ ಕ್ಲಾಸಿನ ಮಾನಿಟರ್. ಗಣಿತದ ಮೇಷ್ಟ್ರು ತಿಂಗಳ ಕೊನೆಯಲ್ಲಿ ಹಾಜರಿ ಪುಸ್ತಕ ಕೊಟ್ಟು ಮೊತ್ತ ಹಾಕಿಸುತ್ತಿದ್ದರು. ಒಂದು ಸಲ ಕೂಡುವುದು ತಪ್ಪಿತು. ಶಾಯಿಯಲ್ಲಿ ಬರೆದಾಗಿತ್ತು. ಅರ್ಧ ಬ್ಲೇಡು ತಗೊಂಡು ಹೆರೆದೆ, ಮೇಲೆ ಸರಿಯಾದ ಅಂಕಿ ಬರೆದೆ. ಶಾಯಿ ಹರಡಿಕೊಂಡಿತು. ಮೇಷ್ಟ್ರು ಆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹೆರೆದ ಕಡೆ ತೂತು ಬಿದ್ದಿತ್ತು.

ಹೊಡೆಯಲಿಲ್ಲ. ‘ತಪ್ಪು ಬರೆದ್ರೆ ಅದರ ಮೇಲೆ ಒಂದು ಗೆರೆ ಎಳಿ. ತಪ್ಪು ಕಾಣ್ತಾ ಇರ್ಲಿ. ಪಕ್ಕದಲ್ಲಿ ಸರಿ ಬರ್ದು ಸಹಿ ಹಾಕು. ಹೆರೆದ್ರೆ ತೂತೇ ಬೀಳೋದು’ ಅಂದರು.

ಮೇಷ್ಟ್ರು ಇವತ್ತು ನಮ್ಮೊಂದಿಗಿಲ್ಲ. ನಿನ್ನೆ ಆಫೀಸು ಕೋಣೆಯಲ್ಲಿ ಹಳೆಯ ಪುಸ್ತಕಗಳನ್ನು ತೆಗೆಸಿ ನೋಡಿದೆ. 1989ರ ಆ ಹಾಳೆ ಇನ್ನೂ ಇದೆ. ತೂತೂ ಇದೆ. ಅದರ ಹಿಂದಿನ ಹಾಳೆಯಲ್ಲಿ ಮೇಷ್ಟ್ರದ್ದೇ ಒಂದು ತಪ್ಪು, ಒಂದು ಗೆರೆ, ಪಕ್ಕದಲ್ಲಿ ಅವರ ಸಹಿ. ಮಕ್ಕಳು ಬಿಡುವಾದಾಗ ಹೋಗಿ ಎರಡನ್ನೂ ನೋಡಿ ಬನ್ನಿ.